ಹೀಟ್ ಪಂಪ್ ಒಂದು ದಿನ ಬಿಸಿ, ಒಂದು ದಿನ ಉಗುರುಬೆಚ್ಚಗೆ: ಗ್ಯಾಸ್ ಹಾಕಿಸೋ ಮುಂಚೆ ಏನು ನೋಡಬೇಕು?

ಪ್ರಶ್ನೆ: ಮೈಸೂರಿನ ವಿಜಯನಗರ 4ನೇ ಹಂತದಲ್ಲಿ ನಮ್ಮ ಮನೆ. ಐದು ಜನ ಇದ್ದೇವೆ. ಹಳೆಯ ಸೋಲಾರ್ ತೂತು ಬಿದ್ದ ಮೇಲೆ 200 ಲೀಟರಿನ ಹೀಟ್ ಪಂಪ್ (ಗಾಳಿಯ ಶಾಖ ಎಳೆದು ನೀರು ಕಾಯಿಸುವ ಮೆಷಿನ್) ಹಾಕಿಸಿದೆವು. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಒಂದು ದಿನ ಕೈ ಸುಡುವಷ್ಟು ಬಿಸಿ, ಮರುದಿನ ಉಗುರುಬೆಚ್ಚಗೆ. ಡಿಸ್‌ಪ್ಲೇ ನೋಡಿದಾಗಲೆಲ್ಲ 53–55 ಅಂತಲೇ ತೋರಿಸುತ್ತದೆ. ಕರೆಂಟ್ ಬಿಲ್ ಕೂಡ ಏರಿದೆ. ಮೆಕ್ಯಾನಿಕ್ ಬಂದು ನೋಡಿ, ಗ್ಯಾಸ್ ಕಮ್ಮಿಯಾಗಿದೆ, 6,500 ರೂಪಾಯಿ ಆಗುತ್ತೆ ಅಂದರು. ಕಳೆದ ವರ್ಷ ಮಹಡಿಯ ಬಾತ್‌ರೂಮ್ ಹೊಸದು ಮಾಡಿಸಿ ಶವರ್, ಪ್ರೆಶರ್ ಪಂಪ್ ಹಾಕಿಸಿದ್ದು ಬಿಟ್ಟರೆ ಮನೆಯಲ್ಲಿ ಬೇರೇನೂ ಬದಲಾಗಿಲ್ಲ. ನೀರು ಕೆಲವು ದಿನ ಕಾರ್ಪೊರೇಷನ್ನಿನದು, ಕೆಲವು ದಿನ ಬೋರ್‌ವೆಲ್‌ನದು. ಗ್ಯಾಸ್ ಹಾಕಿಸಲೋ, ಮೆಷಿನ್ನೇ ಬದಲಾಯಿಸಲೋ?

ಉತ್ತರ: ಎರಡೂ ಬೇಡ. ಸದ್ಯಕ್ಕಂತೂ ಬೇಡ.

ಇಲ್ಲಿ ಗ್ಯಾಸ್ ಅಂದರೆ ಎಸಿ, ಫ್ರಿಜ್ಜಿನಲ್ಲಿ ಇರುವ ಹಾಗೆ ಮೆಷಿನ್ನಿನೊಳಗೆ ಸುತ್ತುತ್ತಾ ಶಾಖ ಹೊರುವ ಗ್ಯಾಸ್. ಅದು ಸೋಮವಾರ ಸೋರಿ ಮಂಗಳವಾರ ವಾಪಸ್ ಬರೋದಿಲ್ಲ. ಸೋರಿಕೆ ಇರುವ ಮೆಷಿನ್ ದಿನದಿಂದ ದಿನಕ್ಕೆ ಸೊರಗುತ್ತಾ ಹೋಗುತ್ತದೆ. ಮೂರು ಗಂಟೆಯಲ್ಲಿ ಕಾಯುತ್ತಿದ್ದ ನೀರಿಗೆ ನಾಲ್ಕು ಗಂಟೆ ಬೇಕಾಗುತ್ತದೆ, ಆಮೇಲೆ ಆರು, ಆಮೇಲೆ 55 ಮುಟ್ಟೋದೇ ಇಲ್ಲ. ನಿಮ್ಮಲ್ಲಿ ಹಾಗಾಗಿಲ್ಲ. ಕೈ ಸುಡುವಷ್ಟು ನೀರು ಇವತ್ತಿಗೂ ಬರುತ್ತಿದೆ ಅಂದ ಮೇಲೆ ಕಂಪ್ರೆಸರ್, ಗ್ಯಾಸ್, ಕಾಯಿಲ್ ಎಲ್ಲ ಬಹುಮಟ್ಟಿಗೆ ಸರಿಯಾಗಿವೆ ಅಂತಲೇ ಅರ್ಥ. ಬಂದು ಹೋಗುವ ತೊಂದರೆಗೆ, ಬಂದು ಹೋಗುವ ಕಾರಣವನ್ನೇ ಹುಡುಕಬೇಕು.

ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. 'ಬೇರೇನೂ ಬದಲಾಗಿಲ್ಲ' ಅಂದಿರಲ್ಲ, ಅದರ ಹಿಂದಿನ ಮಾತು: ಶವರ್ ಮತ್ತು ಪ್ರೆಶರ್ ಪಂಪ್. ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ.

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಿ. ಟ್ಯಾಂಕಿನಲ್ಲಿ ನೀರು ಕಾಯುತ್ತಿಲ್ವಾ, ಅಥವಾ ಕಾದ ನೀರು ನಿಮ್ಮ ಬಕೆಟ್ಟಿಗೆ ತಲುಪುತ್ತಿಲ್ವಾ? ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದಕ್ಕೆ ಎಸಿ ಮೆಕ್ಯಾನಿಕ್ ಬೇಕು, ಎರಡನೆಯದಕ್ಕೆ ಪ್ಲಂಬರ್. ತಪ್ಪು ಮನುಷ್ಯನನ್ನು ಕರೆದರೆ ಅವರು ತಮಗೆ ಗೊತ್ತಿರುವ ರಿಪೇರಿಯನ್ನೇ ಮಾಡಿ ಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ.

ಇದನ್ನು ತಿಳಿಯೋಕೆ ಅಡುಗೆಮನೆಯ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ನೀರು ತಣ್ಣಗೆ ಬಂದ ದಿನವೇ ಅಳೆಯಿರಿ, ಬಿಸಿ ಬಂದ ದಿನ ಅಳೆದರೆ ಉಪಯೋಗ ಇಲ್ಲ. ಟ್ಯಾಂಕಿಗೆ ಅತಿ ಹತ್ತಿರದ ಬಿಸಿನೀರು ನಲ್ಲಿಯನ್ನು ಒಂದೆರಡು ನಿಮಿಷ ಹರಿಯಲು ಬಿಡಿ. ಸ್ಟೀಲ್ ಲೋಟದಲ್ಲಿ ಹಿಡಿದು ತಕ್ಷಣ ನೋಡಿ. ಆಮೇಲೆ ಡಿಸ್‌ಪ್ಲೇ ನೋಡಿ. ಡಿಸ್‌ಪ್ಲೇ 54, ಲೋಟ 51 ಅಂದರೆ ಟ್ಯಾಂಕ್ ಸರಿಯಾಗಿದೆ, ತೊಂದರೆ ಪೈಪಿನಲ್ಲಿದೆ. ಡಿಸ್‌ಪ್ಲೇಯೇ 42 ತೋರಿಸಿದರೆ ನೀರು ನಿಜವಾಗಿಯೂ ಕಾದಿಲ್ಲ. ಡಿಸ್‌ಪ್ಲೇ 54, ಲೋಟ 40 ಅಂದರೆ ದಾರಿಯಲ್ಲಿ ತಣ್ಣೀರು ಬೆರೆಯುತ್ತಿದೆ, ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿದೆ. ನಿಮ್ಮದು ಈ ಮೂರನೆಯ ಗುಂಪು ಅಂತ ಕಾಣುತ್ತದೆ.

ಈಗ ಬೆರೆಯೋದು ಹೇಗೆ ಅಂತ ನೋಡೋಣ. ಬಾತ್‌ರೂಮಿನ ಮಿಕ್ಸರ್‌ಗೆ ಒಂದು ಕಡೆಯಿಂದ ಬಿಸಿನೀರು, ಇನ್ನೊಂದು ಕಡೆಯಿಂದ ತಣ್ಣೀರು ಬರುತ್ತದೆ. ಸ್ನಾನ ಮುಗಿಸಿದವರು ಮಿಕ್ಸರಿನ ಎರಡೂ ತಿರುಪನ್ನು ಮುಚ್ಚಿದರೆ ಏನೂ ಆಗಲ್ಲ. ಆದರೆ ಕೈಶವರ್ ಇದ್ದಲ್ಲಿ ಎಷ್ಟೋ ಜನ ಅದರ ತುದಿಯಲ್ಲಿರುವ ಗುಂಡಿಯನ್ನಷ್ಟೇ ಒತ್ತಿ ನೀರು ನಿಲ್ಲಿಸುತ್ತಾರೆ. ನಾಳೆ ಮತ್ತೆ ಬಿಸಿ-ತಣ್ಣೀರು ಹದ ಮಾಡಿಕೊಳ್ಳುವ ಕೆಲಸ ಯಾಕೆ ಅಂತ. ನೀರು ಹೊರಗೆ ಬರೋದು ನಿಂತಿತು, ನಿಜ. ಆದರೆ ಮಿಕ್ಸರಿನ ಒಳಗೆ ಬಿಸಿ ಲೈನಿಗೂ ತಣ್ಣೀರು ಲೈನಿಗೂ ನಡುವೆ ಬಾಗಿಲು ತೆರೆದೇ ಇದೆ. ಎರಡೂ ಕಡೆ ಪ್ರೆಶರ್ ಒಂದೇ ಆಗಿದ್ದರೆ ಇದರಿಂದ ಹೆಚ್ಚು ತೊಂದರೆ ಆಗಲ್ಲ. ನಿಮ್ಮ ಮನೆಯಲ್ಲಿ ಪ್ರೆಶರ್ ಪಂಪ್ ತಣ್ಣೀರು ಲೈನಿಗೆ ಮಾತ್ರ ಕೂರಿಸಿದ್ದರೆ (ನಮ್ಮಲ್ಲಿ ಸಾಮಾನ್ಯವಾಗಿ ಹಾಗೇ ಮಾಡೋದು), ತಣ್ಣೀರಿನ ಕೈ ಮೇಲಾಗುತ್ತದೆ. ಕೆಳಗೆ ನೀವು ಬಿಸಿನೀರು ನಲ್ಲಿ ತಿರುಗಿಸಿದ ಕೂಡಲೇ ಮೇಲಿನ ಮಿಕ್ಸರಿನ ಮೂಲಕ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತದೆ. ಟ್ಯಾಂಕಿನಲ್ಲಿ 55 ಇದ್ದ ನೀರು ನಿಮ್ಮ ಬಕೆಟ್ಟಿಗೆ ಬೀಳುವಾಗ 38.

ಮೇಲಿನ ಬಾತ್‌ರೂಮಿನಲ್ಲಿ ಯಾರೂ ಸ್ನಾನ ಮಾಡದ ದಿನ, ಅಥವಾ ಮಾಡಿದವರು ಮಿಕ್ಸರನ್ನೇ ಮುಚ್ಚಿದ ದಿನ, ನೀರು ಸುಡುತ್ತದೆ. ಮೆಕ್ಯಾನಿಕ್ ಬಂದು ನೋಡುವ ಹೊತ್ತಿಗೆ ಹೇಗಿತ್ತು ಅನ್ನೋದು ಅದೃಷ್ಟದ ಮಾತು.

ಪರೀಕ್ಷೆ ಸುಲಭ, ನೀವೇ ಮಾಡಬಹುದು. ಹೀಟ್ ಪಂಪಿನ ಎಂಸಿಬಿ ಆಫ್ ಮಾಡಿ. ಅದರ ಟ್ಯಾಂಕಿಗೆ ತಣ್ಣೀರು ಬರುವ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ. ಪ್ರೆಶರ್ ಪಂಪ್ ಆನ್ ಇರಲಿ. ಈಗ ಕೆಳಗಿನ ಬಿಸಿನೀರು ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದದ್ದು ಸ್ವಲ್ಪ ಬಂದು ನಿಲ್ಲಬೇಕು, ಏಕೆಂದರೆ ಟ್ಯಾಂಕಿಗೆ ಹೊಸ ನೀರು ಬರೋ ದಾರಿಯೇ ಇಲ್ಲ. ನಿಲ್ಲದೆ ಧಾರೆ ಹರಿಯುತ್ತಲೇ ಇದೆಯಾ? ಹಾಗಾದರೆ ಅದು ಮನೆಯ ಯಾವುದೋ ಮಿಕ್ಸರಿನಿಂದ ದಾಟಿ ಬರುತ್ತಿರುವ ತಣ್ಣೀರು. ನಲ್ಲಿ ತೆರೆದಾಗ ತಾರಸಿಯ ಮೇಲೆ ಪ್ರೆಶರ್ ಪಂಪ್ ಗುಂಯ್ ಅಂತ ಶುರುವಾಗುತ್ತದಾ ಅಂತಲೂ ಕಿವಿಗೊಟ್ಟು ಕೇಳಿ. ನೀವು ತೆರೆದದ್ದು ಬಿಸಿನೀರು ನಲ್ಲಿ. ತಣ್ಣೀರಿನ ಪಂಪಿಗೆ ಅಲ್ಲಿ ಏನು ಕೆಲಸ? ಆಮೇಲೆ ಒಂದೊಂದೇ ಮಿಕ್ಸರನ್ನು ಪೂರ್ತಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದೇ ಕಳ್ಳ. ಎಲ್ಲವನ್ನೂ ಮುಚ್ಚಿದರೂ ನಿಲ್ಲದಿದ್ದರೆ ಯಾವುದೋ ಒಂದು ಮಿಕ್ಸರಿನ ಒಳಗಿನ ಕಾರ್ಟ್ರಿಜ್ (ನೀರನ್ನು ತಡೆಯುವ ಭಾಗ) ಸವೆದಿದೆ. ಬೋರ್‌ವೆಲ್ ನೀರಿನ ಮರಳು ಅದಕ್ಕೆ ಒಳ್ಳೇದಲ್ಲ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆದು, ಬಿಸಿನೀರು ನಲ್ಲಿಯಲ್ಲಿ ಗಾಳಿ ಹೋಗಿ ನೀರು ಸರಾಗವಾಗಿ ಬಂದ ಮೇಲೆಯೇ ಎಂಸಿಬಿ ಹಾಕಿ.

ನಿಮ್ಮ ಬಿಲ್ ಏರಿದ್ದಕ್ಕೂ ಇದೇ ಕಾರಣ ಇರಬಹುದು. ಟ್ಯಾಂಕಿನ ತಣ್ಣೀರು ದಾರಿಯಲ್ಲಿ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆ ಬಿಡುವ ವಾಲ್ವ್ ಇಲ್ಲದಿದ್ದರೆ, ಪ್ರೆಶರ್ ಪಂಪಿನ ನೀರು ಬಿಸಿ ಲೈನಿನಿಂದ ಟ್ಯಾಂಕಿಗೆ ಹಿಂದಕ್ಕೆ ನುಗ್ಗಿ, ಕಾದ ನೀರನ್ನು ಓವರ್‌ಹೆಡ್ ಟ್ಯಾಂಕಿಗೇ ತಳ್ಳುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ಓವರ್‌ಹೆಡ್ ಟ್ಯಾಂಕ್ ಕಾಯಿಸುತ್ತಿದ್ದೀರಿ. ಬೆಳಗಿನ ಜಾವ ತಣ್ಣೀರು ನಲ್ಲಿ ತೆರೆದು ನೋಡಿ. ಮಧ್ಯಾಹ್ನ ನೋಡಬೇಡಿ, ಬಿಸಿಲಿಗೆ ಟ್ಯಾಂಕ್ ಹೇಗೂ ಕಾದಿರುತ್ತದೆ. ಬೆಳಗಿನ ಜಾವದಲ್ಲೂ ಬೆಚ್ಚಗೆ ಬಂದರೆ ಅನುಮಾನ ನಿಜವಾಯಿತು.

ರಿಪೇರಿಗೆ ಪ್ಲಂಬರ್ ಸಾಕು. ಮೇಲಿನ ಮಿಕ್ಸರಿಗೆ ಬಿಸಿ, ತಣ್ಣೀರು ಎರಡೂ ಕಡೆ ಎನ್‌ಆರ್‌ವಿ ಹಾಕಿಸಿ. ಪ್ರೆಶರ್ ಪಂಪ್ ಬೇಕೇ ಬೇಕು ಅಂದರೆ ಅದು ಎರಡೂ ಲೈನಿಗೆ ಸಮನಾಗಿ ಪ್ರೆಶರ್ ಕೊಡುವಂತೆ ಬದಲಾಯಿಸಬೇಕು. ಆದರೆ ಹೀಟ್ ಪಂಪಿನ ಟ್ಯಾಂಕ್ ಅಷ್ಟು ಪ್ರೆಶರ್ ತಡೆಯುತ್ತದಾ ಅಂತ ಅದರ ಮೇಲಿನ ಪಟ್ಟಿಯಲ್ಲಿ ಮೊದಲು ನೋಡಿಕೊಳ್ಳಿ. ಇನ್ನೊಂದು ಮಾತು, ಇದು ಮುಖ್ಯ. ಟ್ಯಾಂಕಿನ ದಾರಿಗೆ ಎನ್‌ಆರ್‌ವಿ ಹಾಕಿಸಿದರೆ ಸೇಫ್ಟಿ ವಾಲ್ವ್ ಅಥವಾ ತೆರೆದ ಏರ್ ಪೈಪ್ ಇರಲೇಬೇಕು. 200 ಲೀಟರ್ ನೀರು 20ರಿಂದ 55 ಡಿಗ್ರಿಗೆ ಕಾದಾಗ ಎರಡೂವರೆ ಲೀಟರಿನಷ್ಟು ಹಿಗ್ಗುತ್ತದೆ, ಅದಕ್ಕೆ ಹೊರಗೆ ಹೋಗಲು ಜಾಗ ಬೇಕು. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತೆ ಅಂತ ಕೆಲವರು ಅದಕ್ಕೆ ಡಮ್ಮಿ ಹಾಕಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಟ್ಯಾಂಕ್ ಒಡೆದರೆ ಅದು ಸಣ್ಣ ಅಪಘಾತ ಅಲ್ಲ.

ಪರೀಕ್ಷೆಯಲ್ಲಿ ನೀರು ನಿಂತೇ ಹೋಯಿತು, ಬೆರಕೆ ಇಲ್ಲ ಅಂತಾದರೆ? ಆಗ ಸೆನ್ಸರ್ ಕಡೆ ತಿರುಗಿ. ಟ್ಯಾಂಕಿನ ಪಕ್ಕದಲ್ಲಿ ಸಣ್ಣ ಲೋಹದ ಕೊಳವೆ ಇರುತ್ತದೆ, ಅದರೊಳಗೆ ವೈರಿನ ತುದಿಯಲ್ಲಿರುವ ಕಡ್ಡಿಯಂಥ ಸೆನ್ಸರ್ ತೂರಿಸಿರುತ್ತಾರೆ. ಮಂಡ್ಯದ ಒಂದು ಮನೆಯಲ್ಲಿ ಇದೇ ಥರದ ದೂರು ಇತ್ತು. ಮುಚ್ಚಳ ಬಿಚ್ಚಿದರೆ ಸೆನ್ಸರ್ ಕೊಳವೆಯಿಂದ ಅರ್ಧ ಜಾರಿ, ಬಿಸಿ ಪೈಪಿಗೆ ಒರಗಿಕೊಂಡಿತ್ತು. ಪೈಪ್ ಬಿಸಿಯಾದ ಕೂಡಲೇ ಟ್ಯಾಂಕೇ ಕಾದಿದೆ ಅಂತ ತಿಳಿದು ಮೆಷಿನ್ ನಿಂತುಬಿಡುತ್ತಿತ್ತು. ಪೇಸ್ಟ್ ಹಚ್ಚಿ ಒಳಗೆ ತಳ್ಳಿ ಟೈ ಬಿಗಿದದ್ದಷ್ಟೇ ರಿಪೇರಿ. ಅದೇ ಪೆಟ್ಟಿಗೆಯಲ್ಲಿ ರಿಲೇ (ಕಂಪ್ರೆಸರನ್ನು ಆನ್-ಆಫ್ ಮಾಡುವ ಸ್ವಿಚ್) ಸುತ್ತ ಇರುವೆ ಗೂಡು ಕಟ್ಟಿದೆಯಾ ಅಂತಲೂ ನೋಡಿಸಿ. ಇರುವೆ ಕಾಂಟ್ಯಾಕ್ಟಿನ ನಡುವೆ ಸಿಕ್ಕಿ ಸತ್ತರೆ ಕಂಪ್ರೆಸರ್ ಒಂದು ಸಲ ಶುರುವಾಗುತ್ತೆ, ಒಂದು ಸಲ ಆಗಲ್ಲ. ನಗಬೇಡಿ, ಇದು ನಿಜವಾಗಿಯೂ ಆಗುವ ತೊಂದರೆ. ಮುಚ್ಚಳವನ್ನು ಮಾತ್ರ ನೀವೇ ಬಿಚ್ಚಬೇಡಿ, ಕರೆಂಟ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಉಳಿದಿರುತ್ತದೆ.

ಡಿಸ್‌ಪ್ಲೇಯೇ ಕಮ್ಮಿ ತೋರಿಸುವ ಮನೆಗಳವರೂ ಇದನ್ನು ಓದುತ್ತಿರಬಹುದು. ಅವರಿಗೂ ನಾಲ್ಕು ಮಾತು.

ದಿನ ಬಿಟ್ಟು ದಿನ ನೀರು ಕಾಯದಿದ್ದರೆ ಮೊದಲು ಕರೆಂಟ್ ನೋಡಿ. ಮನೆಗೆ ಬರಬೇಕಾದದ್ದು 230 ವೋಲ್ಟ್, ಅದರಲ್ಲಿ ಶೇ. 6ರಷ್ಟು ಹೆಚ್ಚು-ಕಮ್ಮಿ ನಡೆಯುತ್ತದೆ, ಅಂದರೆ ಸುಮಾರು 216ರವರೆಗೆ. ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಏರಿದಾಗ ಲೈನಿನ ಕೊನೆಯ ಮನೆಗಳಲ್ಲಿ, ಪಂಪ್‌ಸೆಟ್ ಜಾಸ್ತಿ ಇರುವ ಮಂಡ್ಯ ಕಡೆಯ ಹಳ್ಳಿಗಳಲ್ಲಿ, ಇದು ಇನ್ನೂ ಕೆಳಗೆ ಇಳಿಯಬಹುದು. ಆಗ ಕಂಪ್ರೆಸರ್ ಎದ್ದೇಳಲು ಒದ್ದಾಡಿ, ಬಿಸಿಯಾಗಿ, ತನ್ನನ್ನು ತಾನೇ ಟ್ರಿಪ್ ಮಾಡಿಕೊಳ್ಳುತ್ತದೆ. ತಣ್ಣಗಾದ ಮೇಲೆ ಮತ್ತೆ ಶುರು. ಹೀಗೆ ರಾತ್ರಿಯೆಲ್ಲ ಕಳೆದು ಬೆಳಗ್ಗೆ ನೀರು 40ರಲ್ಲೇ ನಿಂತಿರುತ್ತದೆ. ಮೆಷಿನ್ ಓಡುವಾಗ ಪ್ಲಗ್ಗಿನ ಹತ್ತಿರ ವೋಲ್ಟೇಜ್ ಅಳೆಸಿ. ಕಮ್ಮಿ ಇದ್ದರೆ ಸೆಸ್ಕ್‌ನವರಿಗೆ 1912ಕ್ಕೆ ದೂರು ಕೊಡಿ. ಅಲ್ಲಿಯವರೆಗೆ ಮಧ್ಯಾಹ್ನ ಕಾಯಿಸಿಕೊಳ್ಳಿ. ಹೀಟ್ ಪಂಪ್ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಮೆಷಿನ್. ಮಧ್ಯಾಹ್ನ ಗಾಳಿ 28 ಡಿಗ್ರಿ ಇರುವಾಗ ಅದಕ್ಕೆ ಕೆಲಸ ಹಗುರ, ಬೆಳಗಿನ ಜಾವದ 16ರಲ್ಲಿ ಭಾರ. ಟ್ಯಾಂಕಿನ ಹೊದಿಕೆ ಸರಿಯಿದ್ದರೆ ರಾತ್ರಿ ಬೆಳಗಾಗೋದರೊಳಗೆ ಕೆಲವೇ ಡಿಗ್ರಿ ಇಳಿಯುತ್ತದೆ.

ಟೈಮರ್ ಇಟ್ಟಿದ್ದರೆ ಅದರ ಗಡಿಯಾರವನ್ನೂ ನೋಡಿ. ಕೆಲವು ಮೆಷಿನ್ನುಗಳಲ್ಲಿ ಕರೆಂಟ್ ಹೋಗಿ ಬಂದರೆ ಗಡಿಯಾರ ಮತ್ತೆ 12ರಿಂದ ಶುರುವಾಗುತ್ತದೆ. ನೀವು ಬೆಳಗ್ಗೆ ನಾಲ್ಕಕ್ಕೆ ಕಾಯಲಿ ಅಂತ ಇಟ್ಟದ್ದು ಅದು ರಾತ್ರಿ ಎಂಟಕ್ಕೆ ಕಾಯಿಸುತ್ತಿರುತ್ತದೆ.

ಗಾಳಿಯ ವಿಷಯ ಚಿಕ್ಕದು. ಮೆಷಿನ್ ಶಾಖ ಎಳೆದುಕೊಂಡು ತಣ್ಣನೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ಯುಟಿಲಿಟಿಯ ಮೂಲೆಯಲ್ಲಿ, ಡಕ್ಟಿನೊಳಗೆ ಕೂರಿಸಿದರೆ ಅದೇ ತಣ್ಣನೆ ಗಾಳಿಯನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಕಿಟಕಿ ಮುಚ್ಚಿದ ದಿನ ಕಾಯಲ್ಲ, ತೆರೆದ ದಿನ ಕಾಯುತ್ತದೆ. ಕಾಯಿಲಿನ ಮೇಲೆ ಧೂಳು, ಪಾರಿವಾಳದ ಪುಕ್ಕ ಕೂತಿದ್ದರೆ ಮೆತ್ತನೆ ಬ್ರಷ್ಷಿನಲ್ಲಿ ತೆಗೆಸಿ.

ಮೈಸೂರಿನ ಚಳಿಯನ್ನು ಬೈಯಬೇಡಿ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲೂ ಇಲ್ಲಿ ಕಾಯಿಲಿಗೆ ಮಂಜುಗಡ್ಡೆ ಕಟ್ಟುವಷ್ಟು ಚಳಿ ಇರಲ್ಲ. ಕಟ್ಟಿದೆ ಅಂದರೆ ಗಾಳಿ ಓಡಾಡುತ್ತಿಲ್ಲ, ಫ್ಯಾನ್ ನಿಧಾನ ಆಗಿದೆ, ಅಥವಾ ಆಗ ನಿಜವಾಗಿಯೂ ಗ್ಯಾಸ್ ಕಮ್ಮಿಯಾಗಿದೆ.

ಇನ್ನು ಬೋರ್‌ವೆಲ್ ನೀರು. ಗಡಸು ನೀರು ಕಾದಾಗ ಸುಣ್ಣದಂಥ ಪದರ ಕಟ್ಟುತ್ತದೆ, ಬಿಸಿ ಏರಿದಷ್ಟೂ ಜಾಸ್ತಿ. ನೀರನ್ನು ಪಂಪಿನಿಂದ ಮೆಷಿನ್ನಿಗೆ ಸುತ್ತಿಸಿ ಕಾಯಿಸುವ ಮಾದರಿಗಳಲ್ಲಿ ಇದು ಪ್ಲೇಟುಗಳ ಸಂದಿಯಲ್ಲೇ ಕೂರುತ್ತದೆ. ಗುರುತು ಏನಪ್ಪಾ ಅಂದರೆ, ನೀರು 45ರವರೆಗೆ ಚೆನ್ನಾಗಿ ಕಾದು ಅಲ್ಲಿಂದ ಮುಂದೆ ಮೆಷಿನ್ ಹೈ ಪ್ರೆಶರ್ ಅಂತ ಟ್ರಿಪ್ ಆಗುತ್ತದೆ. ಶಾಖ ನೀರಿಗೆ ಇಳಿಯದೆ ಗ್ಯಾಸಿನಲ್ಲೇ ಉಳಿದರೆ ಹೀಗಾಗುತ್ತದೆ. ಇಂಥ ಮೆಷಿನ್ನಿಗೆ ಇನ್ನಷ್ಟು ಗ್ಯಾಸ್ ತುಂಬಿಸಿದರೆ ಪ್ರೆಶರ್ ಇನ್ನೂ ಏರುತ್ತದೆ. ಮೊದಲು ನೀರಿನ ದಾರಿಯ ಸ್ಟ್ರೇನರ್, ಅಂದರೆ ಕಸ ಹಿಡಿಯುವ ಜಾಲರಿ, ಬಿಚ್ಚಿ ತೊಳೆಸಿ, ಆಮೇಲೆ ಪದರ ತೆಗೆಸಿ. ತಾಪ 50–55 ಇಟ್ಟರೆ ಸಾಕು, 65ಕ್ಕೆ ಏರಿಸಬೇಡಿ. ವಾರಕ್ಕೊಮ್ಮೆ 60 ಮುಟ್ಟಿಸೋದು ಮಾತ್ರ ಒಳ್ಳೇದು, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲ್ಲ.

ಇನ್ನು ಕೆಲವು ಮನೆಗಳಲ್ಲಿ ಏನೂ ಕೆಟ್ಟಿರೋದೇ ಇಲ್ಲ, ಬಿಸಿನೀರಿನ ಖರ್ಚು ಜಾಸ್ತಿಯಾಗಿರುತ್ತದೆ ಅಷ್ಟೇ. 200 ಲೀಟರ್ 55 ಡಿಗ್ರಿ ನೀರು, ತಣ್ಣೀರು ಬೆರೆಸಿದ ಮೇಲೆ ಸ್ನಾನಕ್ಕೆ ಸುಮಾರು 350 ಲೀಟರ್ ಆಗುತ್ತದೆ. ಬಕೆಟ್ ಸ್ನಾನಕ್ಕೆ ತಲೆಗೆ ಎರಡು ಬಕೆಟ್ ಅಂದರೂ ಐದು ಜನಕ್ಕೆ 200 ಲೀಟರ್, ಧಾರಾಳ. ಶವರಿನಲ್ಲಿ ನಿಮಿಷಕ್ಕೆ 10 ಲೀಟರ್ ಅಂದುಕೊಂಡು ಎಂಟು ನಿಮಿಷ ನಿಂತರೆ ಒಬ್ಬರಿಗೇ 80. ಐದನೆಯವರಿಗೆ ಏನು ಉಳಿಯುತ್ತೆ? ಹಂಡೆ ಒಲೆಗೆ ಎರಡು ಸೌದೆ ಜಾಸ್ತಿ ತುರುಕಿದ ಹಾಗೆ ಇದನ್ನು ಅವಸರಪಡಿಸೋಕೆ ಆಗಲ್ಲ. 3 ಕಿಲೋವ್ಯಾಟ್ ಶಾಖ ಕೊಡುವ ಮೆಷಿನ್ ಗಂಟೆಗೆ 70 ಲೀಟರಿನಷ್ಟು ಮಾತ್ರ ಕಾಯಿಸುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ನೆಂಟರು ಬಂದಾಗ ಇದು ಗೊತ್ತಾಗುತ್ತದೆ.

ಅವಸರಪಡಿಸಿದರೆ ಅದು ಒಳಗಿರುವ ಸಾದಾ ಗೀಸರ್ ಕಾಯಿಲನ್ನು ಆನ್ ಮಾಡುತ್ತದೆ. ಬಿಲ್ಲಿಗೆ ಹೊಡೆತ ಬೀಳೋದು ಅಲ್ಲಿಯೇ. 200 ಲೀಟರನ್ನು 20ರಿಂದ 55ಕ್ಕೆ ಏರಿಸಲು ಬೇಕಾದ ಶಾಖ 8.1 ಯೂನಿಟ್. ಹೀಟ್ ಪಂಪ್ ಒಂದಕ್ಕೆ ಮೂರರಷ್ಟು ಶಾಖ ಕೊಡುತ್ತದೆ ಅಂದುಕೊಂಡರೆ 2.7 ಯೂನಿಟ್ ಕರೆಂಟಿನಲ್ಲಿ ಕೆಲಸ ಮುಗಿಯುತ್ತದೆ, ತಿಂಗಳಿಗೆ ಸುಮಾರು 80. ಗೀಸರ್ ಕಾಯಿಲಿನಲ್ಲೇ ಪೂರ್ತಿ ಕಾಯಿಸಿದರೆ ತಿಂಗಳಿಗೆ 240 ದಾಟುತ್ತದೆ. ಗೃಹಜ್ಯೋತಿಯಲ್ಲಿ ಇರುವವರು 200 ಯೂನಿಟ್ ಮೀರಿದರೆ ಬಿಲ್ ಪೂರ್ತಿ ಕಟ್ಟಬೇಕಲ್ವಾ? ಹಾಗಾಗಿ ಮೆನುವಿನಲ್ಲಿ ಬ್ಯಾಕಪ್ ಹೀಟರ್ ಆನ್ ಇದೆಯಾ ನೋಡಿ. ಮೆಷಿನ್ ಓಡುವಾಗ ವೈರಿಗೆ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿಸಿದರೆ ಗೊತ್ತಾಗುತ್ತದೆ: ಹೀಟ್ ಪಂಪ್ ಮಾತ್ರ ಆದರೆ 4–5 ಆಂಪಿಯರ್, 2 ಕಿಲೋವ್ಯಾಟ್ ಕಾಯಿಲ್ ಸೇರಿದರೆ 12ರ ಮೇಲೆ.

ನಿಮ್ಮ ವಿಷಯಕ್ಕೆ ಬರೋಣ. ಇದಿಷ್ಟೂ ನೋಡಿ ಆದ ಮೇಲೂ ಗ್ಯಾಸ್ ಕಮ್ಮಿ ಅಂತಲೇ ತೀರ್ಮಾನ ಆದರೆ, ಮೆಕ್ಯಾನಿಕ್‌ರನ್ನು ಒಂದು ಕೇಳಿ: ಎಲ್ಲಿಂದ ಸೋರಿದೆ? ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ, ಕಮ್ಮಿಯಾಗಿದ್ದರೆ ತೂತು ಇರಲೇಬೇಕು. ಜಾಯಿಂಟಿನ ಹತ್ತಿರ ಎಣ್ಣೆ ಜಿಡ್ಡು ಕಾಣುತ್ತದೆ. ನೈಟ್ರೋಜನ್ ತುಂಬಿ ಲೀಕ್ ನೋಡಬೇಕು, ಮುಚ್ಚಬೇಕು, ವ್ಯಾಕ್ಯೂಮ್ ಮಾಡಬೇಕು. ಆಮೇಲೆ ಮೆಷಿನ್ನಿನ ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಸುಮ್ನೆ ಗೇಜ್ ನೋಡಿಕೊಂಡು 'ಸ್ವಲ್ಪ ಟಾಪ್ ಅಪ್ ಮಾಡ್ತೀನಿ' ಅಂದರೆ ಒಪ್ಪಬೇಡಿ. ಪಟ್ಟಿಯಲ್ಲಿ ಆರ್-290 ಅಂತ ಇದ್ದರೆ ಅದು ಪ್ರೊಪೇನ್, ಅಡುಗೆ ಗ್ಯಾಸಿನ ಥರವೇ ಹೊತ್ತಿಕೊಳ್ಳುತ್ತದೆ. ಆರ್-32 ಕೂಡ ಸ್ವಲ್ಪ ಉರಿಯುವ ಜಾತಿಯದೇ. ಅಂಥ ಮೆಷಿನ್ನಿಗೆ ಆ ಕೆಲಸ ಕಲಿತವರೇ ಕೈ ಹಾಕಬೇಕು, ಕಂಪನಿಯ ಸರ್ವಿಸ್‌ನವರನ್ನೇ ಕರೆಸಿ.

ಆದರೆ ಈ ಭಾನುವಾರ ಮೊದಲು ವಾಲ್ವ್ ಮುಚ್ಚುವ ಪರೀಕ್ಷೆ ಮಾಡಿ. ಮನೆಯಲ್ಲಿ ಎಲ್ಲರಿಗೂ ಹೇಳಿ, ಒಂದು ವಾರ ಸ್ನಾನ ಆದ ಮೇಲೆ ಕೈಶವರಿನ ಗುಂಡಿಯಲ್ಲ, ಗೋಡೆಯ ಮೇಲಿನ ಮಿಕ್ಸರನ್ನೇ ಮುಚ್ಚಲಿ. ಮುಚ್ಚಿದ ದಿನಗಳಲ್ಲೂ ನೀರು ಉಗುರುಬೆಚ್ಚಗೆ ಬಂದರೆ ಆ ದಿನ ಲೋಟದಲ್ಲಿ ಅಳೆದ ಡಿಗ್ರಿ, ಡಿಸ್‌ಪ್ಲೇ ತೋರಿಸಿದ ಡಿಗ್ರಿ ಮತ್ತು ಮೆಷಿನ್ನಿನ ಪಟ್ಟಿಯ ಫೋಟೋ ಕಳಿಸಿ.